ರಕ್ಕಸರ ತೊಟ್ಲು

ಹೋದ ತಿಂಗಳು ಹಿಂದೂಪುರದಿಂದ ಗಂಗಾಧರ ಫೋನು ಮಾಡಿದ್ದ. ಡಿಗ್ರಿಯಲ್ಲಿ ನಮ್ಮಿಬ್ಬರಿಗೂ ಚರಿತ್ರೆ ಹೇಳಿದ ಮೇಷ್ಟ್ರು ತೀರಿಕೊಂಡರು, ಕಾಲೇಜಿನವರು ಅವರ ನೆನಪಿಗೊಂದು ಪುಸ್ತಕ ತರುತ್ತಾರೆ, ನೀನು ಎರಡು ಪುಟ ಬರೆದುಕೊಡಬೇಕು ಎಂದ.

“ನಾಕು ಒಳ್ಳೆ ಮಾತು ಬರಿಯಮ್ಮ, ಸಮುದ್ರ. ಸತ್ತೋರ ಮ್ಯಾಲೆ ಯಾತರ ಹಗೆ?”

“ಬರಿತೀನಿ ಕಣಪ್ಪ. ಒಳ್ಳೇದು ಸಿಕ್ಕಿದ್ರೆ ಅದ್ನೂ ಬರಿತೀನಿ,” ಎಂದೆ.

ಸತ್ತ ಎಮ್ಮೆಗೆ ಹಾಲು ಹೆಚ್ಚು ಅನ್ನುತ್ತಾರೆ. ಆ ಪುಸ್ತಕದಲ್ಲಿ ಹಾಲಿನ ಹೊಳೆಯೇ ಹರಿಯುತ್ತದೆ ಎಂದು ನನಗೆ ಗೊತ್ತು. ನನ್ನ ಎರಡು ಪುಟ ಎರಡಕ್ಕೆ ನಿಲ್ಲಲಿಲ್ಲ, ಒಳ್ಳೆಯದೂ ಆಗಲಿಲ್ಲ. ಆದ್ದರಿಂದ ಇದು ಆ ಪುಸ್ತಕಕ್ಕಲ್ಲ. ಒಂದು ಮರ್ಯಾದೆ ಮಾತ್ರ ಉಳಿಸಿಕೊಳ್ಳುತ್ತೇನೆ. ಅವರ ಹೆಸರು ಬರೆಯುವುದಿಲ್ಲ, ‘ಅವರು’ ಎಂದೇ ಬರೆಯುತ್ತೇನೆ. ನಮ್ಮಜ್ಜಿ ಹಾವಿಗೂ ನಾಗಪ್ಪ ಎನ್ನುತ್ತಿದ್ದಳು.

ಗಂಗಾಧರ ಲೇಪಾಕ್ಷಿಯವನು. ಆಗ ದಿನಾ ಬಸ್ಸಿನಲ್ಲಿ ಬಂದು ಓದುತ್ತಿದ್ದವನು ಈಗ ಅದೇ ಕಾಲೇಜಿನಲ್ಲಿ, ಅದೇ ಮೇಷ್ಟ್ರ ಕುರ್ಚಿಯಲ್ಲಿ ಕೂತು ಪಾಠ ಹೇಳುತ್ತಾನೆ. ನಾನು ಕಲ್ಯಾಣದುರ್ಗದಲ್ಲಿ ಹೈಸ್ಕೂಲು ಮಕ್ಕಳಿಗೆ ಸಮಾಜ ಪಾಠ ಮಾಡುತ್ತೇನೆ. ನನ್ನ ಹೆಸರು ಸಮುದ್ರ ಅಲ್ಲ. ಆ ಹೆಸರು ಕೊಟ್ಟವರು ಈಗ ತೀರಿಕೊಂಡವರೇ.

ನಮ್ಮೂರು ಬ್ರಹ್ಮಸಮುದ್ರಕ್ಕೆ ಸೇರಿದ ಹಳ್ಳಿ. ಹೆಸರಿನಲ್ಲಷ್ಟೇ ಸಮುದ್ರ. ಬೋರಿನಲ್ಲಿ ನೀರು ಬಂದರೆ ಊರೆಲ್ಲ ಹೋಗಿ ನಿಂತು ನೋಡುವ ಸೀಮೆ ಅದು. ಅಷ್ಟುದ್ದದ ಹೆಸರನ್ನು ಯಾರು ಕರೆಯುತ್ತಾರೆ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಬರೀ ಸಮುದ್ರ ಎನ್ನುತ್ತಿದ್ದೆವು. ಸಮುದ್ರದ ಬಸ್ಸು, ಸಮುದ್ರದ ಆಸ್ಪತ್ರೆ, ಸಮುದ್ರದಾಗೆ ರೇಷನ್ನು. ಹಿಂದೂಪುರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಸೇರಿದ ಮೊದಲ ದಿನ ಅವರು ತರಗತಿಗೆ ಬಂದರು. ಕೊಡೆಯನ್ನು ಮೇಜಿನ ಮೇಲೆ ಅಡ್ಡ ಇಟ್ಟರು. ಕಾಲರಿನೊಳಗೆ ಚೌಕಳಿ ಕರವಸ್ತ್ರ ಸಿಗಿಸಿಕೊಂಡರು. ಆಮೇಲೆ ತೆಲುಗಿನಲ್ಲಿ, ನಿಮ್ಮಲ್ಲಿ ಸಮುದ್ರ ನೋಡಿದವರು ಯಾರು ಎಂದು ಕೇಳಿದರು.

ನಾನೊಬ್ಬಳೇ ಕೈ ಎತ್ತಿದೆ.

ಎಷ್ಟು ಸಲ ನೋಡಿದ್ದೀಯ ಎಂದರು. ಗಾಬರಿಗೆ ನನ್ನ ಬಾಯಿಂದ ಕನ್ನಡವೇ ಬಂತು.

“ವಾರಕ್ಕೆರಡು ದಪ ಸಾರ್. ರೇಷನ್ನು ತರಾಕೆ ಹೋಯ್ತೀವಿ.”

ತರಗತಿ ಬಿದ್ದು ಬಿದ್ದು ನಕ್ಕಿತು. ನಾನು ಎಲ್ಲಿಯವಳು ಎಂದು ಕೇಳಿ ತಿಳಿದುಕೊಂಡ ಮೇಲೆ ಅವರೂ ನಕ್ಕರು. ಹದಿನೇಳು ವರ್ಷದ ಹುಡುಗಿಯ ಮೊದಲ ದಿನದ ತಪ್ಪನ್ನು ಯಾವ ಮೇಷ್ಟ್ರಾದರೂ ಸಂಜೆಗೆ ಮರೆಯುತ್ತಾರೆ. ಇವರು ಮರೆಯಲಿಲ್ಲ. ಮೂರು ವರ್ಷವೂ ಹಾಜರಿ ಕೂಗುವಾಗ ನನ್ನ ಸರದಿ ಬಂದರೆ ಪುಸ್ತಕದಿಂದ ತಲೆಯೆತ್ತಿ, “ಏಮ್ಮಾ ಸಮುದ್ರಂ, ಈ ರೋಜು ಅಲಲು ಎಲಾ ಉನ್ನಾಯಿ?” ಎನ್ನುತ್ತಿದ್ದರು. ಇವತ್ತು ಅಲೆಗಳು ಹೇಗಿವೆ ಎಂದು. ನಾನು “ಪ್ರೆಸೆಂಟ್ ಸಾರ್” ಎಂದು ಕೂರುತ್ತಿದ್ದೆ. ಕನ್ನಡದಲ್ಲಿ ಉತ್ತರ ಕೊಟ್ಟವರನ್ನು ಕಿಟಕಿ ಕಡೆ ಮುಖ ಮಾಡಿ ನಿಲ್ಲಿಸುವುದು ಅವರ ಪದ್ಧತಿ. ಹಿಂದೂಪುರ ಗಡಿಯ ಊರು, ಅರ್ಧ ಊರು ಕನ್ನಡದ್ದು. ಒಂದೊಂದು ದಿನ ಕಿಟಕಿಯ ಹತ್ತಿರ ನಿಲ್ಲಲು ಜಾಗ ಇರುತ್ತಿರಲಿಲ್ಲ.

ಇಷ್ಟಕ್ಕೂ ಅವರಿಗೆ ಸಮುದ್ರ ಬೇಕಾಗಿದ್ದುದು ಯಾಕೆಂದರೆ ಅವರ ಬಳಿ ಒಂದು ದ್ವೀಪವಿತ್ತು. ಗ್ರೀಸ್ ದೇಶದ ಕ್ರೀಟ್ ದ್ವೀಪ. ಪಾಠದ ಪುಸ್ತಕದಲ್ಲಿ ಅದಕ್ಕಿದ್ದದ್ದು ಒಂದೂವರೆ ಪುಟ. ಅವರು ಅದನ್ನು ಅರ್ಧ ವರ್ಷ ಹೇಳುತ್ತಿದ್ದರು. ಹಲಗೆಗೆ ಬೆನ್ನು ಕೊಟ್ಟು, ನಮ್ಮ ಕಡೆ ನೋಡುತ್ತಲೇ, ಕೈ ಹಿಂದಕ್ಕೆ ಚಾಚಿ ಒಂದೇ ಗೆರೆಯಲ್ಲಿ ಆ ದ್ವೀಪವನ್ನು ಬರೆಯುತ್ತಿದ್ದರು. ಉದ್ದಕ್ಕೆ, ಸಣ್ಣಗೆ, ಅಲ್ಲಲ್ಲಿ ಗಂಟು ಕಟ್ಟಿದ ಹಾಗೆ. ಹಿಂದೂಪುರದ ಹುಣಸೆಹಣ್ಣಿನ ಮಂಡಿಯ ಹಿಂದೆಯೇ ಚಿಕ್ಕಮ್ಮನ ಮನೆ ಇದ್ದದ್ದರಿಂದ ನನಗೆ ಅದು ಹುಣಸೇಕಾಯಿಯ ಹಾಗೆ ಕಂಡಿತು. ಗಂಗಾಧರನ ಕಿವಿಯಲ್ಲಿ ಹೇಳಿದೆ. ಅವನು ನಕ್ಕ. ಇಬ್ಬರೂ ಕಿಟಕಿಗೆ ಹೋದೆವು.

ಅವರು ಆ ದ್ವೀಪಕ್ಕೆ ಹೋದವರಲ್ಲ. ಅವರ ಬಳಿ ಇದ್ದದ್ದು ಒಂದು ಇಂಗ್ಲಿಷ್ ಪುಸ್ತಕ, ಕಂದು ಹಾಳೆಯ ಹೊದಿಕೆ, ಒಳಗೆ ಬಣ್ಣದ ಚಿತ್ರಗಳು. ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಮಂಗಳಾರತಿ ತಟ್ಟೆಯ ಹಾಗೆ ಎರಡೂ ಕೈಯಲ್ಲಿ ಹಿಡಿದು ಬೆಂಚುಗಳ ಮುಂದೆ ನಡೆದುಹೋಗುತ್ತಿದ್ದರು. ಹಿಂದಿನ ಸಾಲಿನವರಿಗೆ ಕಂಡರೆ ಕಂಡಿತು, ಇಲ್ಲದಿದ್ದರೆ ಇಲ್ಲ. ಕ್ನೊಸೊಸ್ ಎಂಬ ಅರಮನೆ, ಒಳಗೆ ಹೋದವರು ದಾರಿ ತಪ್ಪುವಷ್ಟು ಕೋಣೆಗಳು, ಆಳೆತ್ತರದ ಮಣ್ಣಿನ ಗುಡಾಣಗಳು, ಗೂಳಿಯ ಬೆನ್ನ ಮೇಲೆ ಲಾಗ ಹಾಕುತ್ತಿರುವ ಹುಡುಗರ ಚಿತ್ರ. ಆ ಅರಮನೆಗೆ ಕೋಟೆಗೋಡೆ ಇರಲಿಲ್ಲವಂತೆ. ಅಲ್ಲಿನ ಜನಕ್ಕೆ ಸಮುದ್ರವೇ ಗೋಡೆಯಂತೆ. ಆ ಜನರ ಹಳೆಯ ಬರಹವನ್ನು ಓದಬಲ್ಲವರು ಇವತ್ತಿಗೂ ಇಲ್ಲ ಎಂದು ಹೇಳಿ, ಆ ಗುರುತುಗಳಲ್ಲಿ ನಾಲ್ಕನ್ನು ಹಲಗೆಯ ಮೇಲೆ ಬರೆದು, ತಾವೇ ಬರೆಸಿದವರ ಹಾಗೆ ನಿಂತು ನೋಡುತ್ತಿದ್ದರು.

ಇಲ್ಲಿ ಸುಳ್ಳು ಹೇಳಬಾರದು. ಆ ಪಾಠವನ್ನು ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ನಾನು ಚರಿತ್ರೆ ಹಿಡಿದದ್ದು ಅವರಿಂದಲೇ. ನನ್ನ ಸಿಟ್ಟಿಗೆ ಅದೂ ಒಂದು ಕಾರಣ. ಅಯೋಗ್ಯರ ಕೈಯಲ್ಲಿ ಕಲಿತಿದ್ದರೆ ಇಷ್ಟೊಂದು ನೋವಾಗುತ್ತಿರಲಿಲ್ಲ.

ಆದರೆ ನಮ್ಮ ಕಡೆಯದು ಯಾವುದೂ ಅವರ ಲೆಕ್ಕಕ್ಕಿರಲಿಲ್ಲ. ಗಂಗಾಧರ ಒಮ್ಮೆ ಧೈರ್ಯ ಮಾಡಿ, ನಮ್ಮ ಲೇಪಾಕ್ಷಿ ಬಗ್ಗೆ ಹೇಳಿ ಸಾರ್ ಎಂದ. “ಲೇಪಾಕ್ಷಿನಾ? ನಿನ್ನ ಮೊನ್ನದಿ ರಾ ಅದಿ,” ಎಂದರು. ಅದು ನಿನ್ನೆ ಮೊನ್ನೆಯದಂತೆ. ಮುಗಿಯಿತು. ಹಿತ್ತಲ ಗಿಡ ಮದ್ದಲ್ಲ ಎನ್ನುವ ಮಾತನ್ನು ಬೇರೆಯವರು ಬೇಸರದಿಂದ ಆಡುತ್ತಾರೆ. ಇವರಿಗೆ ಅದು ವ್ರತವಾಗಿತ್ತು. ನಮ್ಮ ಉತ್ತರಪತ್ರಿಕೆಗಳ ಅಂಚಿನಲ್ಲೂ ಅಷ್ಟೇ. ಕೆಂಪು ಶಾಯಿಯಲ್ಲಿ ‘ತಪ್ಪು’ ಎಂದು ಬರೆಯುತ್ತಿದ್ದರು. ಸರಿಯಾದದ್ದಕ್ಕೆ ಏನೂ ಬರೆಯುತ್ತಿರಲಿಲ್ಲ. ಮೂರು ವರ್ಷದಲ್ಲಿ ಒಬ್ಬರ ಹಾಳೆಯಲ್ಲೂ ನಾನು ‘ಸರಿ’ ಎಂಬ ಮಾತು ಕಾಣಲಿಲ್ಲ. ಕೇಳಿದರೆ, “ಪುಸ್ತಕಂ ಒಕಟೇ ಸರಿ,” ಎನ್ನುತ್ತಿದ್ದರು.

ಎರಡನೆಯ ವರ್ಷ ಒಂದು ದಿನ ಪುಸ್ತಕದಲ್ಲಿ ಹೊಸ ಪುಟ ತೆರೆದರು. ಮಣ್ಣಿನ ಪೆಟ್ಟಿಗೆಗಳು, ಗಿಡ್ಡ ಕಾಲುಗಳುಳ್ಳವು. ಕ್ರೀಟಿನವರು ಸತ್ತವರನ್ನು ಮೊಣಕಾಲು ಮಡಚಿ, ಬಸಿರೊಳಗಿನ ಕೂಸಿನ ಹಾಗೆ ಇವುಗಳಲ್ಲಿ ಮಲಗಿಸಿ ಹೂಳುತ್ತಿದ್ದರು ಎಂದರು. ಕೆಲವು ತೊಟ್ಟಿಯ ಹಾಗೇ ಇರುತ್ತವೆ, ಮನೆಯಲ್ಲಿ ಮೀಯಲು ಇಟ್ಟುಕೊಂಡ ತೊಟ್ಟಿಯನ್ನೇ ಆಮೇಲೆ ಹೆಣಕ್ಕೂ ಬಳಸಿದ್ದುಂಟು, ಕಂಡವರು ತೊಟ್ಟಿ ಎಂದು ಮೋಸ ಹೋಗುತ್ತಾರೆ ಎಂದರು. ಈ ಮಾತನ್ನು ನಾನು ನೋಟ್ಸಿನಲ್ಲಿ ಬರೆದುಕೊಂಡಿದ್ದೇನೆ. ಆ ನೋಟ್ಸು ಈಗಲೂ ನನ್ನ ಬಳಿ ಇದೆ.

ಚಿತ್ರ ನನ್ನ ಬೆಂಚಿನ ಮುಂದೆ ಬಂದಾಗ ಎದ್ದು ನಿಂತುಬಿಟ್ಟೆ.

“ಇದು ನಮ್ಮನೇಲಿ ಐತೆ ಸಾರ್! ಆರು ಕಾಲಿಂದು. ನಮ್ಮಜ್ಜಿ ಮಡಗವಳೆ.”

ಅವರು ಪುಸ್ತಕ ಮುಚ್ಚಿದರು. “ಮೀ ಅವ್ವ ಏಮನ್ನಾ ಕ್ರೀಟು ರಾಣಿಯಾ?” ಎಂದರು. ನಿಮ್ಮಜ್ಜಿ ಕ್ರೀಟಿನ ರಾಣಿಯೋ ಎಂದು. ಆ ವಾರವೆಲ್ಲ ಹುಡುಗರು ನನ್ನನ್ನು ರಾಣಿ ಮೊಮ್ಮಗಳು ಎಂದರು. ಸಮುದ್ರವೇ ವಾಸಿ ಅನ್ನಿಸಿತು.

ಆದರೆ ನಾನು ಹೇಳಿದ್ದು ನಿಜ. ನಮ್ಮೂರ ಮಗ್ಗುಲಲ್ಲಿ ಒಂದು ಬೋಳುಗುಡ್ಡವಿದೆ. ಅದರ ಮೇಲೆ ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ ಕಲ್ಲುಮನೆಗಳು ಸಾಲಾಗಿದ್ದವು. ಒಂದೊಂದರ ಮುಂದಿನ ಕಲ್ಲಿಗೂ ಒಂದು ದುಂಡನೆಯ ಕಿಂಡಿ. ಊರಿನವರು ರಕ್ಕಸರ ಗುಡಿ ಎನ್ನುತ್ತಿದ್ದರು. ನಮ್ಮ ತಾತ ಹೊಸಿಲಿಗೆ ಕಲ್ಲು ಬೇಕೆಂದು ಒಂದನ್ನು ಕೆಡವಿದಾಗ ಕೆಳಗೆ ಆ ಮಣ್ಣಿನದು ಸಿಕ್ಕಿತಂತೆ. ಎತ್ತಿ ತರುವಾಗ ಆರು ಕಾಲಲ್ಲಿ ಒಂದು ಮುರಿಯಿತು. ಎಮ್ಮೆಗೆ ಬೂಸಾ ಕಲಸಲು ಒಳ್ಳೆ ತೊಟ್ಟಿಯಾಯಿತು ಎಂದು ತಾತ ಖುಷಿಯಲ್ಲಿದ್ದರೆ, ಅಜ್ಜಿ ಅದನ್ನು ತೊಳೆದು, ಮುರಿದ ಕಾಲಿನ ಜಾಗಕ್ಕೊಂದು ಕಲ್ಲು ಕೊಟ್ಟು, ಗೋಡೆ ಪಕ್ಕ ನಿಲ್ಲಿಸಿದಳು.

“ಇದು ತೊಟ್ಟಿ ಅಲ್ಲ, ತೊಟ್ಲು. ರಕ್ಕಸ್ರು ಮಕ್ಕಳ್ನ ಮಲಗ್ಸಿರೋದು. ತೊಟ್ಲಿಗೆ ಎಮ್ಮೆ ಬಾಯಿ ಹಾಕ್ಸಿದ್ರೆ ನನ್ನ ಮನೇಲಿ ತೊಟ್ಲು ತೂಗ್ತೈತಾ?” ಎಂದಳಂತೆ.

ಅವಳು ಹಾಗಂದದ್ದಕ್ಕೆ ಕಾರಣವಿತ್ತು. ಹಲ್ಲು ಮೂಡುವ ಮುಂಚೆ ತೀರಿಹೋದ ಕೂಸುಗಳನ್ನು ನಮ್ಮೂರಲ್ಲಿ ಆ ಕಲ್ಲುಮನೆಗಳ ಪಕ್ಕದಲ್ಲೇ ಹೂಳುತ್ತಿದ್ದರು. ಅಲ್ಲಿ ತೊಟ್ಲುಗಳಿವೆ, ಒಂಟಿಯಾಗಿರುವುದಿಲ್ಲ ಎಂದು. ಅಜ್ಜಿಯ ಇಬ್ಬರು ಅಲ್ಲಿದ್ದರು. ಯುಗಾದಿಯ ಮಾರನೆಯ ದಿನ ಅವಳು ಒಂದು ಹಿಡಿ ಹೋಳಿಗೆ ತುಣುಕು ಸೆರಗಿಗೆ ಕಟ್ಟಿಕೊಂಡು ಗುಡ್ಡ ಹತ್ತುತ್ತಿದ್ದಳು.

ನಾನು ಓದು ಮುಗಿಸಿ, ಕಲ್ಯಾಣದುರ್ಗದಲ್ಲಿ ಕೆಲಸಕ್ಕೆ ಸೇರಿ ಕೆಲವು ವರ್ಷಗಳಾದ ಮೇಲೆ ಆ ಗುಡ್ಡಕ್ಕೆ ಕರೆಂಟು ತೆಗೆಯುವ ಗಾಳಿಫ್ಯಾನುಗಳು ಬರುತ್ತವೆ ಎಂಬ ಸುದ್ದಿ ಬಂತು. ಬೆಳುಗುಪ್ಪದ ಕಡೆ ಆಗಲೇ ತಿರುಗುತ್ತಿದ್ದವು. ಫ್ಯಾನು ಬೇಡವೆಂದು ನಾವು ಯಾರೂ ಹೇಳಲಿಲ್ಲ. ಕಲ್ಲುಮನೆಗಳಿರುವ ತಲೆಯ ಮೇಲೆ ಬೇಡ, ಪಕ್ಕದ ಗುಡ್ಡ ಬರಿದಾಗಿದೆ, ಅಲ್ಲಿ ನಿಲ್ಲಿಸಿ ಎಂದು ಊರಿನವರ ಹೆಬ್ಬೆಟ್ಟು ಹಾಕಿಸಿ ಅರ್ಜಿ ಬರೆದವಳು ನಾನು. ಅದು ಪುರಾತನ ಕಾಲದ್ದು ಎಂದೂ ಬರೆದೆ. ಹಾಗೆಂದು ಹೇಳಲು ನೀನು ಯಾರು ಎಂಬ ಪ್ರಶ್ನೆ ಬಂದೇ ಬರುತ್ತದಲ್ಲ. ತಿಳಿದವರೊಬ್ಬರು ನೋಡಿ ಹೇಳಲಿ ಎಂದು ಅಧಿಕಾರಿಗಳು ಕಾಲೇಜಿಗೆ ಬರೆದರು. ಕಾಲೇಜಿನವರು ಇವರನ್ನು ಕಳಿಸಿದರು.

ನನಗೆ ಆಗ ಆದ ಸಂತೋಷ ನೆನೆದರೆ ಈಗ ನನ್ನ ಮೇಲೇ ಸಿಟ್ಟು ಬರುತ್ತದೆ. ಇಡೀ ಜಿಲ್ಲೆಯಲ್ಲಿ ಆ ಪೆಟ್ಟಿಗೆಗಳ ಗುರುತು ಹಿಡಿಯಬಲ್ಲ ಮನುಷ್ಯ ಇವರೊಬ್ಬರೇ ಎಂದುಕೊಂಡೆ. ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಕಾದಿದ್ದು ಕಾಫಿ ಕುಡಿಸಿ, ಜೀಪು ಮಾಡಿಕೊಂಡು ಊರಿಗೆ ಕರೆದೊಯ್ದೆ. ದಾರಿಯಲ್ಲಿ ಬ್ರಹ್ಮಸಮುದ್ರದ ಬೋರ್ಡು ಕಂಡಾಗ ಕೊಡೆಯಿಂದ ತೋರಿಸಿ, “ಅಲಲು?” ಎಂದರು. ನಾನೂ ನಕ್ಕೆ.

ಗುಡ್ಡದ ಮೇಲೆ ಅವರು ಒಂದೊಂದು ಕಲ್ಲುಮನೆಯ ಮುಂದೂ ನಿಂತರು. ಒಂದು ಕಡೆ ಮೊಣಕಾಲೂರಿ ಕಿಂಡಿಯೊಳಗೆ ತಲೆ ಹಾಕಿದರು. ಎಷ್ಟು ಹೊತ್ತಾದರೂ ಆಚೆ ತೆಗೆಯಲಿಲ್ಲ. ಬಿಳಿ ಪ್ಯಾಂಟಿನ ಮೊಣಕಾಲಿಗೆ ಕೆಂಪು ಮಣ್ಣು ಹತ್ತಿದ್ದನ್ನೂ ಒರೆಸಿಕೊಳ್ಳದೆ ಕೆಳಗಿಳಿದರು. ನಮ್ಮ ಮನೆಯ ಅಂಗಳದಲ್ಲಿ ಅಜ್ಜಿ ಮಜ್ಜಿಗೆ ಹಿಡಿದು ಕಾದಿದ್ದಳು. ಅವರು ಮಜ್ಜಿಗೆ ಬಿಟ್ಟು ನೇರ ಗೋಡೆಯ ಕಡೆ ಹೋಗಿ, ಕೂತು, ಮಣ್ಣಿನ ಕಾಲುಗಳನ್ನು ಒಂದೊಂದಾಗಿ ಸವರಿದರು.

ಅಜ್ಜಿ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಳು. “ಇದು ತೊಟ್ಟಿ ಅಲ್ಲ ಕಣಪ್ಪ, ತೊಟ್ಲು. ನೋಡು, ಹಿಂಗೆ ಮಂಡಿ ಮಡಿಚಿ ಮಲಗ್ಸವ್ರೆ. ಮ್ಯಾಲೆ ನನ್ನ ಮಕ್ಳೂ ಇಬ್ರು ಅವ್ರೆ. ಅವ್ರ ತಲೆ ಮ್ಯಾಲೆ ರೋಡು ಹಾಕ್ಬ್ಯಾಡ್ರೀ ಅಂತ ದೊಡ್ಡೋರಿಗೆ ಬರಿಯಪ್ಪ.”

ಅವರು ತಲೆಯಾಡಿಸುತ್ತ ಕೇಳಿ, ಕೊನೆಗೆ, “ನಾಕು ಕನ್ನಡಂ ರಾದಮ್ಮಾ,” ಎಂದರು. ನನಗೆ ಕನ್ನಡ ಬಾರದು ಎಂದು.

“ಬರ್ದೆ ಇದ್ರೆ ನಾನಂದಿದ್ದಕ್ಕೆಲ್ಲ ಯಾಕಪ್ಪ ತಲೆ ತೂಗ್ದೆ?” ಎಂದು ಅಜ್ಜಿ ನಕ್ಕಳು. ನಾನು ತೊಟ್ಲಿನ ಮಾತನ್ನು ತೆಲುಗಿನಲ್ಲಿ ಹೇಳಹೋದರೆ ಬೇಡವೆಂದು ಕೈ ಅಡ್ಡ ಮಾಡಿದರು. ಅಜ್ಜಿ ಒಳಗೆ ಹೋಗಿ ಗೂಡಿನಲ್ಲಿಟ್ಟಿದ್ದ ಮುರಿದ ಕಾಲನ್ನು ತಂದು ಅವರ ಅಂಗೈಯಲ್ಲಿಟ್ಟಳು. “ತಗಂಡೋಗಪ್ಪ. ಬರೇ ಮಾತಿಗೆ ಯಾರು ನಂಬ್ತಾರೆ? ಇದ್ನ ತೋರ್ಸು.” ಅವರು ಅದನ್ನು ಕಾಲರಿನ ಕರವಸ್ತ್ರ ಬಿಚ್ಚಿ ಸುತ್ತಿಕೊಂಡರು. ಮಜ್ಜಿಗೆ ಕುಡಿದರು. ಹೊರಟರು.

ವರದಿ ಬಂದದ್ದು ಅರ್ಧ ಪುಟ. ತೆಲುಗಿನಲ್ಲಿ, ಅವರದೇ ಮುದ್ದಾದ ಕೈಬರಹ. ಗುಡ್ಡದ ಮೇಲೆ ಕುರಿಗಾಹಿಗಳು ನೆರಳಿಗೆ ನಿಲ್ಲಿಸಿಕೊಂಡ ಕಲ್ಲುಗಳಿವೆ. ಚಾರಿತ್ರಿಕವಾದದ್ದು ಏನೂ ಇಲ್ಲ. ಅರ್ಜಿದಾರರ ಮನೆಯಲ್ಲಿ ತೋರಿಸಿದ ವಸ್ತು ‘ಪಶುವುಲ ತೊಟ್ಟಿ’, ಅಂದರೆ ದನದ ತೊಟ್ಟಿ. ಕಾಲಿನ ಮಾತೇ ಅದರಲ್ಲಿ ಇರಲಿಲ್ಲ.

ಮಾರನೆಯ ದಿನವೇ ಹಿಂದೂಪುರದ ಬಸ್ಸು ಹತ್ತಿದೆ. ಅವರು ತಮ್ಮ ಮನೆಯ ವರಾಂಡದಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದರು. ನಿಂತೇ ಕೇಳಿದೆ. ಅದು ತೊಟ್ಟಿ ಅಲ್ಲ ಸಾರ್, ತೊಟ್ಲು, ಅಜ್ಜಿ ನಿಮ್ಮ ಮುಂದೆಯೇ ಎಷ್ಟು ಸಲ ಹೇಳಿದಳು ಎಂದೆ.

ಹಾಳೆಯಿಂದ ಕಣ್ಣೆತ್ತದೆ, ನನಗೆ ತೊಟ್ಟಿ ಎಂದೇ ಕೇಳಿಸಿತು, ಕನ್ನಡ ಬಾರದಲ್ಲ ಎಂದರು.

“ಕಣ್ಣಿಗೆ ಭಾಷೆ ಯಾಕೆ ಸಾರ್? ಚಿತ್ರದಲ್ಲಿದ್ದ ಹಾಗೇ ಇರಲಿಲ್ವಾ?” ನಾನು ತೆಲುಗಿನಲ್ಲೇ ಕೇಳಿದ್ದೆ.

“ಪುಸ್ತಕಂಲೋ ಲೇದಮ್ಮಾ,” ಎಂದರು. ಪುಸ್ತಕದಲ್ಲಿಲ್ಲ ಎಂದು. ಪುಸ್ತಕದಲ್ಲಿಲ್ಲದ್ದನ್ನು ಇದೆ ಎಂದು ಬರೆದು, ನಾಳೆ ಮೇಲಿನಿಂದ ಯಾರಾದರೂ ಬಂದು ಅಲ್ಲವೆಂದರೆ ಇಷ್ಟು ವರ್ಷದ ನನ್ನ ಹೆಸರು ಏನಾಗಬೇಕು ಎಂದರು.

“ಹೋಗಲಿ, ಆ ಕಾಲು ಕೊಡಿ.”

“ಏ ಕಾಲು?”

ಯಾವ ಕಾಲು ಎಂದು ಕೇಳಿದ ಆ ಮುಖವನ್ನು ನಾನು ಮರೆತಿಲ್ಲ. ಕೆಂಪು ಪೆನ್ನು ಬೆರಳ ನಡುವೆ ಹಾಗೇ ಇತ್ತು. ಅವರ ಮನೆಯಲ್ಲಿ ಕೊಟ್ಟ ನೀರು ಕುಡಿಯದೆ ಬಂದೆ. ಆಮೇಲೆ ಅವರನ್ನು ನೋಡಲಿಲ್ಲ.

ಪುಸ್ತಕದಲ್ಲಿಲ್ಲದ್ದು ಜೆಸಿಬಿಗೆ ಸಿಕ್ಕಿತು. ಗುಡ್ಡಕ್ಕೆ ರಸ್ತೆ ಕಡಿದ ನಾಲ್ಕು ದಿನವೂ ನಾನು ರಜೆ ಹಾಕಿ ಊರಿನಲ್ಲಿದ್ದೆ. ಚಪ್ಪಡಿಗಳು ಅಡ್ಡಡ್ಡ ಮುರಿದು ಬಿದ್ದವು. ಕೆಳಗಿನಿಂದ ಕಪ್ಪು ಕೆಂಪು ಮಡಕೆ ಚೂರು, ಮಣ್ಣಿನ ಗಿಡ್ಡ ಕಾಲುಗಳು, ಮೂಳೆ, ಎಲ್ಲ ಒಟ್ಟಿಗೆ ಮೇಲೆ ಬಂದು, ಒಟ್ಟಿಗೆ ರಸ್ತೆಯ ಏರಿಗೆ ಹೋಯಿತು. ಮಷೀನು ಓಡಿಸುವವನು ಎಲ್ಲಿಂದಲೋ ಬಂದವನು, ಅವನ ತಪ್ಪೇನಿಲ್ಲ. ಕ್ನೊಸೊಸ್ ಅರಮನೆಯ ಬಿದ್ದ ಭಾಗಗಳನ್ನು ಅಗೆದವರು ಸಿಮೆಂಟು ಹಾಕಿ ಮತ್ತೆ ನಿಲ್ಲಿಸಿದರು ಎಂದು ಇವರೇ ನಮಗೆ ಹೇಳಿದ್ದರು. ಇಲ್ಲಿ ಸಿಮೆಂಟು ಬಂತು, ಫ್ಯಾನಿನ ಬುಡಕ್ಕೆ.

ಕೊನೆಯ ದಿನ ಅಜ್ಜಿ ಬೇಡವೆಂದರೂ ಕೇಳದೆ ಗುಡ್ಡ ಹತ್ತಿದಳು. ಬಿಸಿಲಿಗೆ ಕೈ ಅಡ್ಡ ಹಿಡಿದು ಸುತ್ತ ನೋಡಿದಳು. ಗುರುತಿಗಿದ್ದ ಕಲ್ಲು ಒಂದೂ ಇರಲಿಲ್ಲ.

“ನನ್ನ ಮಕ್ಳು ಯಾವ ಕಡೀಕಾದ್ರಮ್ಮ?” ಎಂದು ನನ್ನನ್ನು ಕೇಳಿದಳು.

ನಾನು ಸುಮ್ಮನೆ ಒಂದು ಕಡೆ ಕೈ ತೋರಿಸಿದೆ. ಅವಳು ಅಲ್ಲೇ ಕೂತು ಮಣ್ಣು ಸವರಿದಳು. ಚರಿತ್ರೆಯ ಟೀಚರು ನಾನು, ನಮ್ಮಜ್ಜಿಗೆ ಹೇಳಿದ ಸುಳ್ಳು ಅದೊಂದೇ. ಅದನ್ನು ನನ್ನ ಬಾಯಲ್ಲಿ ಹೇಳಿಸಿದವರು ಅವರು. ಎರಡು ವರ್ಷದ ಮೇಲೆ ಅಜ್ಜಿ ಹೋದಳು. ತೊಟ್ಲನ್ನು ನಾನು ಕಲ್ಯಾಣದುರ್ಗದ ಮನೆಗೆ ತಂದುಕೊಂಡೆ. ಐದು ಕಾಲು, ಒಂದು ಕಲ್ಲು, ಸ್ವಲ್ಪ ಎಡಕ್ಕೆ ವಾಲಿಕೊಂಡು ಜಗುಲಿಯ ಮೇಲಿದೆ.

ಇಷ್ಟು ಹಗೆಯ ನಡುವೆಯೂ ನಾನು ಅವರಿಗೆ ಒಂದು ಸಣ್ಣ ಬಾಗಿಲು ತೆರೆದಿಟ್ಟಿದ್ದೆ. ಗಡಿಯಲ್ಲಿ ಮಾತು ಕಲಸಿಹೋಗುತ್ತದೆ. ತೆಲುಗಿನ ಕಿವಿಗೆ ತೊಟ್ಲು ತೊಟ್ಟಿಯಾಗಿ ಕೇಳಿಸಬಹುದು. ಅಜ್ಜಿಯ ಬಾಯಲ್ಲಿ ಹಲ್ಲೂ ಇರಲಿಲ್ಲ. ನಾನು ನೀರಿನ ಸಮುದ್ರವನ್ನು ರೇಷನ್ನಿನ ಸಮುದ್ರ ಎಂದುಕೊಂಡವಳಲ್ಲವೆ? ಅದೂ ಅಂಥದೇ ಒಂದು ತಪ್ಪು ಇರಬಹುದು. ಹೆದರಿದ್ದರು, ಜೊತೆಗೆ ತಪ್ಪಾಗಿ ಕೇಳಿಸಿಕೊಂಡಿದ್ದರು. ಹೀಗೆ ಅಂದುಕೊಂಡ ದಿನ ಸ್ವಲ್ಪ ನಿದ್ದೆ ಬರುತ್ತಿತ್ತು. ನನ್ನ ಶಾಲೆಯ ಮಕ್ಕಳಿಗೆ ಕ್ರೀಟ್ ಪಾಠ ಮಾಡುವಾಗ ಕೈ ಹಿಂದಕ್ಕೆ ಚಾಚಿ ಹುಣಸೇಕಾಯಿ ಬರೆಯಲೂ ಆಗುತ್ತಿತ್ತು.

ಮೊನ್ನೆ ಭಾನುವಾರ ಗಂಗಾಧರ ಬಂದ. ನನ್ನ ಪುಟ ತೆಗೆದುಕೊಂಡು ಹೋಗಲು ಎಂದುಕೊಂಡರೆ ಕೈಯಲ್ಲಿ ಒಂದು ಬಟ್ಟೆಯ ಚೀಲವೂ ಇತ್ತು.

“ಮೇಷ್ಟ್ರ ಮಗಳು ಪುಸ್ತಕ ಎಲ್ಲಾ ಕಾಲೇಜಿಗೆ ಕೊಟ್ಬುಟ್ಲು ಕಣಮ್ಮ. ಆ ಕ್ರೀಟಿನ ಪುಸ್ತಕದ ಹಿಂದೆ, ಬೀರುವಿನಾಗೆ ಇದಿತ್ತು. ನಾನು ಓದಿದ್ದೆಲ್ಲ ತೆಲುಗಿನಾಗೆ, ಈ ಅಕ್ಷರ ಕೂಡಿಸ್ಕಂಡು ನಿಮ್ಮೂರಿನ ಹೆಸರೊಂದು ಓದ್ದೆ. ಅದಕ್ಕೇ ತಂದೆ.”

ಚೌಕಳಿ ಕರವಸ್ತ್ರ ಬಿಚ್ಚುವ ಮೊದಲೇ ನನಗೆ ತಿಳಿಯಿತು. ಒಳಗೆ ಆ ಕಾಲು. ಧೂಳು ಒಂದಿಷ್ಟೂ ಇರಲಿಲ್ಲ, ಆಗಾಗ ಕೈಯಲ್ಲಿ ಹಿಡಿದದ್ದಕ್ಕೋ ಏನೋ ನುಣುಪಾಗಿತ್ತು. ಅದಕ್ಕೆ ದಾರದಿಂದ ಒಂದು ಚೀಟಿ ಕಟ್ಟಿತ್ತು. ಅದೇ ಮುದ್ದಾದ ಕೈಬರಹ, ಅದೇ ಕೆಂಪು ಶಾಯಿ. ಅಕ್ಷರ ಮಾತ್ರ ಕನ್ನಡ. ಚಿಕ್ಕಂದಿನಲ್ಲಿ ಸ್ಲೇಟಿನ ಮೇಲೆ ತಿದ್ದಿ ಕಲಿತವರಿಗಷ್ಟೇ ಬರುವ ದುಂಡು ಕನ್ನಡ. ಮೊದಲ ಸಾಲಿನಲ್ಲಿ ನಮ್ಮೂರಿನ ಹೆಸರು. ಅದರ ಕೆಳಗೆ ಹೀಗಿತ್ತು:

‘ರಕ್ಕಸರ ತೊಟ್ಲು. ಮುರಿದ ಒಂದು ಕಾಲು. ತೊಟ್ಟಿ ಅಲ್ಲ, ಮಂಡಿ ಮಡಿಚಿ ಮಲಗಿಸಿದ್ದು ಎನ್ನುತ್ತಾಳೆ ಮುದುಕಿ. ಸರಿ.’

ಮೂರು ವರ್ಷದಲ್ಲಿ ಯಾರಿಗೂ ಬರೆಯದ ಆ ಒಂದು ಮಾತನ್ನು ಓದುಬರಹ ಬಾರದ ನಮ್ಮಜ್ಜಿಗೆ ಬರೆದಿದ್ದರು. ಬರೆದು, ಬೀರುವಿನಲ್ಲಿಟ್ಟು, ಬೀಗ ಹಾಕಿದ್ದರು.

ಎದ್ದು ಜಗುಲಿಗೆ ಹೋದೆ. ತೊಟ್ಲನ್ನು ಗಂಗಾಧರ ಎತ್ತಿ ಹಿಡಿದ. ನಾನು ಕಲ್ಲು ಎಳೆದು ಹಾಕಿ, ಮುರಿದ ಬಾಯಿಗೆ ಬಾಯಿ ಕೂಡಿಸಿ ಕಾಲನ್ನು ನಿಲ್ಲಿಸಿದೆ. ಕೂದಲೆಳೆಯಷ್ಟೂ ಸಂದು ಉಳಿಯಲಿಲ್ಲ. ಕೈ ಬಿಟ್ಟಾಗ ತೊಟ್ಲು ನೆಟ್ಟಗೆ ನಿಂತಿತು. ನನಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ತೆರೆದಿಟ್ಟಿದ್ದ ಆ ಸಣ್ಣ ಬಾಗಿಲನ್ನೂ ಅವರೇ ತಮ್ಮ ಕೈಯಾರೆ ಹಾಕಿಕೊಂಡು ಹೋಗಿದ್ದರು.

“ನಿನ್ನ ಪುಟ ಎಲ್ಲಮ್ಮ? ಪ್ರೆಸ್ಸಿನೋರು ಕಾಯ್ತಾವ್ರೆ,” ಎಂದ ಗಂಗಾಧರ.

ನೋಟು ಪುಸ್ತಕದಿಂದ ಒಂದು ಹಾಳೆ ಹರಿದು, ತೆಲುಗಿನಲ್ಲಿ ಒಂದೇ ಸಾಲು ಬರೆದು ಕೊಟ್ಟೆ: ‘ನಮ್ಮ ಮೇಷ್ಟ್ರಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು.’

ಅವನು ಎರಡು ಸಲ ಓದಿಕೊಂಡ. “ಇಷ್ಟೇನಾ? ಇರ್ಲಿ ಬಿಡು, ಒಳ್ಳೇ ಮಾತೇ ಅಲ್ವಾ?”

“ಹೂಂ ಕಣಪ್ಪ,” ಎಂದೆ. “ಅಚ್ಚು ಹಾಕ್ಸು.”